ಅಂಗಳ ಮಾಡಿದವರು

ನಮ್ಮೂರ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಮಿತಿಯವರು ಮನೆಗೆ ಬಂದಾಗ ನಾನು ಬೇಡ ಬೇಡ ಎನ್ನುತ್ತಲೇ ಒಪ್ಪಿಕೊಂಡೆ. ಬೈಂದೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳು ನಾನು. ಯಾರಾದರೂ ಬಂದು ಬರೆಯಿರಿ ಎನ್ನಲಿ ಎಂದು ಕಾದು ಕೂತವಳೂ ಹೌದು. ವಿಷಯವನ್ನು ಅವರೇ ಕೊಟ್ಟರು. ನಮ್ಮ ಕಡೆ ಬಯಲು ಜಾಗಗಳಿಗೆ ಏನೇನು ಹೆಸರಿದೆ, ಯಾವುದನ್ನು ಅಂಗಳ ಅನ್ನುತ್ತೇವೆ, ಯಾವುದನ್ನು ಕಟ್ಟೆ, ಕಳ, ಹಕ್ಕಲು, ಪೇಟೆ, ಮೈದಾನ ಅನ್ನುತ್ತೇವೆ ಎಂದು ನಾಲ್ಕು ಪುಟ ಬರೆಯಬೇಕು. "ನಿಮ್ಗ್ ಇದೆಲ್ಲ ಚಿಟ್ಕಿ ಹೊಡ್ದಂಗೆ ಟೀಚರೇ" ಎಂದರು. ನಾನು ಉಬ್ಬಿಹೋದೆ.

ಆ ಲೇಖನ ಅಚ್ಚಾಯಿತು. ಅದರಲ್ಲಿ ಅಂಗಳದ ಬಗ್ಗೆ ಒಂದು ಮಾತಿದೆ. ಊರವರೆಲ್ಲ ಮೆಚ್ಚಿಕೊಂಡ ಮಾತು ಅದು. ಅದನ್ನು ನೋಡಿದಾಗಲೆಲ್ಲ ನನ್ನ ಮುಖ ಬಿಸಿಯಾಗುತ್ತದೆ. ಯಾಕೆಂದರೆ ಆ ಮಾತು ನನ್ನದಲ್ಲ. ಅದನ್ನು ಹೇಳಿದವರ ಬಾಯಿಂದ ಮಾತನ್ನು ತೆಗೆದುಕೊಂಡೆ, ಕಾಲಡಿಯಿಂದ ಅಂಗಳವನ್ನೂ ತೆಗೆದೆ. ಎರಡನ್ನೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಈಗ ಹಾಗೆ ನಂಬಲು ಆಗುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ.

ನಮ್ಮ ಮನೆ ಕಿರಿಮಂಜೇಶ್ವರದಿಂದ ಸ್ವಲ್ಪ ಆಚೆ, ಹೆದ್ದಾರಿಯಿಂದ ಒಳಗೆ ಹೋಗುವ ಮಣ್ಣುದಾರಿಯ ಕೊನೆಯಲ್ಲಿ. ಎದುರಿಗೆ ದೊಡ್ಡ ಅಂಗಳ. ಅಂಗಳದ ಕೆಳಗೆ ಐವತ್ತು ಹೆಜ್ಜೆ ಇಳಿದರೆ ಗದ್ದೆಯ ಬದಿಗೆ ಒಂದು ಸಣ್ಣ ಮನೆ. ನಾವದನ್ನು ಕೆಳಮನೆ ಅನ್ನುತ್ತೇವೆ. ಅಲ್ಲಿರುವ ಹೆಂಗಸು ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಮದುವೆಯಾಗಿ ಬಂದ ದಿನದಿಂದ ಅವರನ್ನು ಅಕ್ಕ ಎಂದು ಕರೆದಿದ್ದೇನೆ. ಅಕ್ಕನ ಮಗ ಗೂಡ್ಸ್ ರಿಕ್ಷಾ ಓಡಿಸುತ್ತಾನೆ, ಸೊಸೆ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾಳೆ. ಅವರ ಮನೆಯೆದುರು ದೊಡ್ಡದೊಂದು ಹಲಸಿನ ಮರ ಇದೆ. ನೆಲ ಇಳಿಜಾರು. ಹಾಗಾಗಿ ಅಲ್ಲಿ ಒಂದು ಚಾಪೆ ಹಾಸುವಷ್ಟೂ ಬಿಸಿಲು ಬೀಳುವುದಿಲ್ಲ.

ಕುಚ್ಚಲಕ್ಕಿ ಉಣ್ಣುವವರಿಗೆ ಬಿಸಿಲು ಬೇಕು. ಭತ್ತವನ್ನು ಹಂಡೆಯಲ್ಲಿ ಬೇಯಿಸಿ, ನೀರು ಬಸಿದು, ಹರವಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಕೊಂಡುಹೋಗಬೇಕು. ಅಕ್ಕ ತಮ್ಮ ಮನೆಯ ಇಡೀ ವರ್ಷದ ಅಕ್ಕಿಗೆ ನಮ್ಮ ಅಂಗಳದಲ್ಲಿ ಭತ್ತ ಒಣಗಿಸುತ್ತಿದ್ದರು. ಅದಕ್ಕೆ ಪ್ರತಿಯಾಗಿ ವರ್ಷಕ್ಕೊಮ್ಮೆ ನಮ್ಮ ಅಂಗಳ ಮಾಡುತ್ತಿದ್ದರು.

ಅಂಗಳ ಮಾಡುವುದು ಎಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಮಳೆಗಾಲದಲ್ಲಿ ನಮ್ಮ ಅಂಗಳಗಳೆಲ್ಲ ಹಾಳಾಗುತ್ತಿದ್ದವು. ಹುಲ್ಲು, ಪಾಚಿ, ನೀರು ಕೊರೆದ ಗುಂಡಿಗಳು. ಮನೆಯಿಂದ ದಾರಿಯವರೆಗೆ ತೆಂಗಿನ ಮಡಲು ಹಾಸಿಕೊಂಡು ಜಾರದಂತೆ ಓಡಾಡುತ್ತಿದ್ದೆವು. ಮಳೆ ಬಿಟ್ಟು ನೆಲ ಸ್ವಲ್ಪ ಆರಿತು ಎನ್ನುವಾಗ ಅಕ್ಕ ಗುದ್ದಲಿ ಹಿಡಿದು ಬರುತ್ತಿದ್ದರು. ಹುಲ್ಲು ಕೆತ್ತಿ, ಗುಂಡಿಗಳಿಗೆ ಕೆಮ್ಮಣ್ಣು ತುಂಬಿ, ನೀರು ಚಿಮುಕಿಸಿ ತುಳಿದು, ಆಮೇಲೆ ಕುಕ್ಕರುಗಾಲಲ್ಲಿ ಕೂತು ಮರದ ಹಲಗೆಯಿಂದ ಬಡಿಯುತ್ತಾ ಹೋಗುತ್ತಿದ್ದರು. ಹಿಡಿಕೆಯಿದ್ದ ಆ ಹಲಗೆ ಅವರದ್ದೇ, ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟು ಹೋಗುತ್ತಿದ್ದರು. ಮೂರು ನಾಲ್ಕು ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಪಟ್ ಪಟ್ ಪಟ್ ಎಂದು ಕೇಳುತ್ತಲೇ ಇರುತ್ತಿತ್ತು. ಕೊನೆಗೆ ಸಗಣಿಗೆ ಮಸಿ ಕಲಸಿ, ಅಡಿಕೆ ಹಾಳೆಯ ತುಂಡಿನಲ್ಲಿ ಎಳೆದೆಳೆದು ಸಾರಿಸುತ್ತಿದ್ದರು. ಅದು ಒಣಗುವ ತನಕ ಯಾರೂ ತುಳಿಯುವಂತಿಲ್ಲ. ಹಾಲಿನವನು ದಾರಿಯಲ್ಲೇ ನಿಂತು ಹ್ವಾಯ್ ಎನ್ನುತ್ತಿದ್ದ, ನಾವು ಅಂಚಿನಲ್ಲೇ ಸುತ್ತಿಕೊಂಡು ಹೋಗಿ ಹಾಲು ತರುತ್ತಿದ್ದೆವು.

ಹಾಗೆ ಮಾಡಿದ ಅಂಗಳದಲ್ಲಿ ಮುಂದಿನ ಮಳೆ ಬರುವ ತನಕ ಒಣಗಿಸುವ ಮೊದಲ ಹಕ್ಕು ಮಾಡಿದವರದ್ದು. ಯಾರೂ ಬರೆದಿಟ್ಟ ಕರಾರಲ್ಲ ಇದು, ನಮ್ಮ ಸುತ್ತಲಿನ ನಾಲ್ಕಾರು ಮನೆಗಳಲ್ಲಿ ಇದ್ದ ರೂಢಿ. ನನಗೆ ಇದು ಗೊತ್ತಾದದ್ದು ಮದುವೆಯಾಗಿ ಬಂದ ಮೊದಲ ವರ್ಷ. ಅತ್ತೆಯೂ ನಾನೂ ಸೇರಿ ಹಪ್ಪಳ ಲಟ್ಟಿಸಿ ಚಾಪೆ ಸಮೇತ ಹೊರಗೆ ತಂದಿದ್ದೆವು. ಅಕ್ಕ ಕೆಳಗಿನಿಂದ ಹೆಡಿಗೆ ಹೊತ್ತು ಬರುತ್ತಿದ್ದರು.

"ಇವತ್ ನಿಂದ್ ಭತ್ತ ಇತ್ತಾ?" ಎಂದು ಅತ್ತೆ ಕೇಳಿದರು.

"ಹೌದಮ್ಮ, ಬೇಯ್ಸಿ ಆಯ್ತ್. ನೀವ್ ನಾಳಿಗ್ ಹಾಕಿ."

ಅತ್ತೆ ಮರುಮಾತಾಡದೆ ಚಾಪೆ ಸುತ್ತಿಕೊಂಡು ಒಳಗೆ ಬಂದರು. ನನಗೆ ಪಿತ್ತ ನೆತ್ತಿಗೇರಿತು. ಅಂಗಳ ನಮ್ದಲ್ದಾ ಅತ್ತೆ ಎಂದು ಕೇಳಿದೆ. "ಮಾಡಿದ್ದ್ ಅವ್ಳ್. ಮಳಿ ಬಪ್ಪಲ್ಲಿವರಿಗೆ ಬಿಸ್ಲ್ ಅವ್ಳ್ದೇ" ಎಂದು ಅತ್ತೆ ಹಪ್ಪಳವನ್ನು ಜಗಲಿಯ ಮೇಲೆ ನೆರಳಿನಲ್ಲೇ ಹರವಿದರು. ಓದಿದವಳು ನಾನು, ಇದೆಂಥ ಲೆಕ್ಕ ಎಂದು ಒಳಗೊಳಗೇ ನಕ್ಕೆ. ಆದರೂ ಮೂವತ್ತು ಚಿಲ್ಲರೆ ವರ್ಷ ಅದೇ ರೂಢಿಯಲ್ಲಿ ನಡೆದೆ. ಅತ್ತೆ ಹೋದ ಮೇಲೂ ಹಪ್ಪಳ ಹಾಕುವ ಮುಂಚೆ ಕೆಳಮನೆಯತ್ತ ಒಂದು ಸಲ ಕೂಗಿ ಕೇಳುತ್ತಿದ್ದೆ.

ನನಗೊಂದು ಚಟವಿತ್ತು. ಯಾರ ಬಾಯಲ್ಲಾದರೂ ಒಳ್ಳೆಯ ಮಾತು ಕೇಳಿದರೆ ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಅಕ್ಕ ಕೊನೆಯ ಸಲ ಅಂಗಳ ಮಾಡಿದ ವರ್ಷ, ಅದು ಕೊನೆಯ ಸಲ ಎಂದು ನಮಗಿಬ್ಬರಿಗೂ ಆಗ ಗೊತ್ತಿರಲಿಲ್ಲ, ಮಧ್ಯಾಹ್ನ ಚಾ ಕೊಡುತ್ತಾ ಸುಮ್ಮನೆ ಕೇಳಿದೆ. ಅಕ್ಕ, ಅಂಗಳವೂ ಬಯಲೇ, ಹುಲ್ಲು ಬೆಳೆದು ಪಾಳು ಬಿದ್ದಿರುವ ಹಕ್ಕಲೂ ಬಯಲೇ, ಏನು ವ್ಯತ್ಯಾಸ? ಅವರು ಹಲಗೆಯನ್ನು ಪಕ್ಕಕ್ಕಿಟ್ಟು, ಕೈಯ ಮಣ್ಣನ್ನು ಸೀರೆಗೆ ಒರೆಸಿ, ಚಾ ತೆಗೆದುಕೊಂಡರು.

"ಹಕ್ಲ್ ಅದರಷ್ಟಕ್ಕೇ ಇರತ್ತ್. ಅಂಗ್ಳ ಇಪ್ಪುದಲ್ದೇ ಟೀಚರೇ, ಮಾಡೂದ್. ವರ್ಷ ವರ್ಷ ಮಾಡ್ಕ್. ಮಾಡ್ದಿರೆ ಅದ್ ಬರೀ ಜಾಗ."

ಒಳಗೆ ಹೋಗಿ ಬರೆದಿಟ್ಟೆ. ಬರೆಯುವಾಗ ಕೈಗೆ ಖುಷಿಯಾಗಿತ್ತು.

ಅದೇ ಬೇಸಗೆಯಲ್ಲಿ ನಮ್ಮ ಮಗಳ ಮದುವೆ. ಮದುವೆ ಬ್ರಹ್ಮಾವರದ ಕಲ್ಯಾಣಮಂಟಪದಲ್ಲಾದರೂ ಮೆಹೆಂದಿ ಮನೆಯಲ್ಲೇ ಎಂದಾಯಿತು. ಮುನ್ನೂರು ಜನ ಬರುವ ಅಂದಾಜು. ನಮ್ಮೆಜಮಾನರು ಮುಂಬೈಯಲ್ಲಿ ಹೋಟೆಲು ನಡೆಸಿ, ಅದನ್ನು ತಮ್ಮನ ಕೈಗೆ ಕೊಟ್ಟು ಊರಿಗೆ ಬಂದವರು. ಅಂಗಳ ಹೇಗಿದ್ದರೂ ಅವರಿಗೆ ನಡೆಯುತ್ತಿತ್ತು. ಹಟ ಹಿಡಿದವಳು ನಾನು. ಮಣ್ಣಿನ ಅಂಗಳದಲ್ಲಿ ಕಾರು ನಿಲ್ಲಿಸಿದರೆ ಗುಂಡಿ ಬೀಳುತ್ತದೆ, ಒಂದು ಅಕಾಲ ಮಳೆ ಬಂದರೆ ಎಲ್ಲರ ಸೀರೆಯ ಅಂಚೂ ಕೆಸರಾಗುತ್ತದೆ, ಬ್ರಹ್ಮಾವರದ ಬೀಗರ ಎದುರು ಮರ್ಯಾದೆ ಹೋಗುತ್ತದೆ. ಇಂಟರ್‌ಲಾಕ್ ಹಾಕಿಸಿದೆ. ಬೂದು ಮತ್ತು ಕೆಂಪು ಸಿಮೆಂಟ್ ಕಲ್ಲು, ಒಂದು ಬಿಟ್ಟು ಒಂದು. ಬಣ್ಣ ಆರಿಸಿದವಳೂ ನಾನೇ.

ಹುಡುಗರು ಅಂಗಳವನ್ನು ಅಗೆದು ಜಲ್ಲಿಪುಡಿ ಸುರಿಯುತ್ತಿದ್ದ ದಿನ ಅಕ್ಕ ಮೇಲೆ ಬಂದರು. ಸೆರಗನ್ನು ತಲೆಗೆ ಹಾಕಿಕೊಂಡು ಬಹಳ ಹೊತ್ತು ನೋಡುತ್ತಾ ನಿಂತರು.

"ಇನ್ ಅಂಗ್ಳ ಮಾಡುಕಿಲ್ಯಾ ಟೀಚರೇ?"

"ಇನ್ ನಿಮ್ಗ್ ಆ ಕಷ್ಟ ಇಲ್ಲೆ ಅಕ್ಕ" ಎಂದೆ. ದೊಡ್ಡ ಉಪಕಾರ ಮಾಡಿದವಳ ಹಾಗೆ ಹೇಳಿದೆ. "ಈ ಪ್ರಾಯದಂಗೆ ಸೊಂಟ ಮುರ್ಕಂಡ್ ಬಡೂದ್ ಬೇಡ. ಒಣ್ಗ್ಸುಕೆ ಮಾತ್ರ ಬನಿ, ಎಷ್ಟ್ ಬೇಕಾರೂ ಒಣ್ಗ್ಸಿ."

ಅವರು ಹಾಂ ಎಂದರು. ಕೊಟ್ಟಿಗೆಗೆ ಹೋಗಿ ಆ ಹಲಗೆಯನ್ನು ತೆಗೆದುಕೊಂಡು ಇಳಿದು ಹೋದರು. ಒಲೆಗೆ ಹಾಕಲು ಕೊಂಡುಹೋದರೇನೋ ಅಂದುಕೊಂಡೆ. ಮದುವೆಯ ಗಡಿಬಿಡಿಯಲ್ಲಿ ಅದನ್ನು ಮರೆತೂಬಿಟ್ಟೆ.

ಮದುವೆ ಚೆನ್ನಾಯಿತು. ಬೀಗರು ಅಂಗಳವನ್ನು ಹೊಗಳಿದರು. ಮಳೆ ಬಂತು, ಹೋಯಿತು, ಕೊಯ್ಲೂ ಮುಗಿಯಿತು. ಅಕ್ಕ ಬರಲಿಲ್ಲ. ಎಷ್ಟೋ ದಿನ ಕಾದು ನಾನೇ ಕೆಳಗಿಳಿದು ಹೋಗಿ ಕರೆದೆ. "ಇಂಟರ್‌ಲಾಕ್ ಮೇಲೆ ಬಿಸಿ ಹೆಚ್ಚ್ ಅಕ್ಕ. ಎರಡ್ ದಿನದ್ದ್ ಒಂದೇ ದಿನಕ್ಕೆ ಒಣ್ಗತ್ತ್." ಅವರು ಹಾಂಗಾ ಎಂದರು. ನಾನು ಬಿಡಲಿಲ್ಲ. ಬನ್ನಿ ಬನ್ನಿ ಎಂದು ಬಲವಂತ ಮಾಡಿದೆ. ಈಗ ಅನಿಸುತ್ತದೆ, ಅವರು ಬಂದದ್ದು ನನ್ನ ಮುಖ ಉಳಿಸುವುದಕ್ಕೆ.

ಅವರು ಹೆಡಿಗೆಗಳನ್ನು ಹೊತ್ತು ತಂದು ಹರವಿದರು. ಭತ್ತವನ್ನು ಆಗಾಗ ಕಾಲಿನಿಂದ ಸಾಲೆಳೆದು ಮಗುಚಬೇಕು. ಅಕ್ಕ ಹೆಜ್ಜೆ ಕೀಳದೆ ಅಂಗಳದ ಈ ತುದಿಯಿಂದ ಆ ತುದಿಗೆ ಕಾಲನ್ನು ಎಳೆದುಕೊಂಡು ಹೋಗುವುದನ್ನು ನಾನು ಎಷ್ಟು ವರ್ಷ ನೋಡಿದ್ದೇನೋ. ಆ ದಿನ ಅರ್ಧಕ್ಕೆ ಬಂದು ನಿಂತರು, ಆಮೇಲೆ ಜಿಗಿಯುತ್ತಾ ನೆರಳಿಗೆ ಓಡಿದರು. ಕಲ್ಲು ಅಷ್ಟು ಕಾದಿತ್ತು. ಚಪ್ಪಲಿ ಹಾಕ್ಕಣಿ ಎಂದೆ. ಅನ್ನದ ಮೇಲೆ ಚಪ್ಪಲಿ ಹಾಕುತ್ತಾರೆಯೇ ಎನ್ನುವ ಹಾಗೆ ನನ್ನನ್ನು ನೋಡಿದರು. ಒಂದು ಸಾಲು ಎಳೆಯುವುದು, ನೆರಳಿಗೆ ಹೋಗಿ ಕಾಲು ಆರಿಸಿಕೊಳ್ಳುವುದು, ಮತ್ತೆ ಬರುವುದು. ಸಂಜೆ ಹೊತ್ತಿಗೆ ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿದರು. ಕಂಡ್ರ್ಯಾ, ಒಂದೇ ದಿನಕ್ಕೆ ಎಂದು ನಾನು ಜಂಬ ಕೊಚ್ಚಿದೆ.

ಬೇಯಿಸಿದ ಭತ್ತ ನಿಧಾನಕ್ಕೆ ಆರಬೇಕು. ತಟ್ಟನೆ ಒಣಗಿದರೆ ಒಳಗಿನ ಅಕ್ಕಿ ಸೀಳುತ್ತದೆ, ಮಿಲ್ಲಿನಲ್ಲಿ ಪುಡಿಯಾಗುತ್ತದೆ. ಸಗಣಿ ಸಾರಿಸಿದ ನೆಲ ತಂಪನ್ನು ಹಿಡಿದುಕೊಂಡು ನಿಧಾನಕ್ಕೆ ಬಿಡುತ್ತದೆ. ಭತ್ತ ಬೆಳೆಯುವ ಮನೆಯಲ್ಲಿ ಹುಟ್ಟಿದ ನನಗೆ ಇದು ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಹೊಸ ಅಂಗಳದ ಜಂಬದಲ್ಲಿ ನೆನಪಾಗಲಿಲ್ಲ.

ಹತ್ತು ದಿನ ಬಿಟ್ಟು ಅಕ್ಕನ ಸೊಸೆ ದಾರಿಯಲ್ಲಿ ಸಿಕ್ಕಳು. ಫ್ಯಾಕ್ಟರಿಯ ಟೆಂಪೋಗೆ ಕಾಯುತ್ತಿದ್ದಳು. "ಈ ವರ್ಷ ನಮ್ಗ್ ನುಚ್ಚಿನ್ ಗಂಜಿಯೇ ಟೀಚರೇ. ಅರ್ಧಕ್ಕರ್ಧ ತುಂಡಾಯಿತ್" ಎಂದಳು. ದೂರುವ ದನಿಯಲ್ಲೇನೂ ಹೇಳಲಿಲ್ಲ.

"ಭತ್ತವೇ ಸಮಾ ಇಲ್ದೆ ಇಕ್ಕ್" ಎಂದೆ ನಾನು.

ಆ ಮಾತು ಬಾಯಿಂದ ಹೊರಬಿದ್ದ ಕ್ಷಣದಲ್ಲೇ ಸುಳ್ಳೆಂದು ತಿಳಿದಿತ್ತು. ಅವಳಿಗೂ ತಿಳಿಯಿತೆಂದು ಕಾಣುತ್ತದೆ. ಟೆಂಪೋ ಬಂತು, ಹತ್ತಿ ಹೋದಳು. ಮನೆಗೆ ಬಂದು ಒಂದು ಮುಡಿ ಅಕ್ಕಿ ಕಳಿಸೋಣವೇ ಎಂದು ಯೋಚಿಸಿದೆ. ಕಳಿಸಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಸುಮ್ಮನಾದೆ. ಇಷ್ಟು ಸಣ್ಣವಳು ನಾನು ಎಂದು ಬರೆಯುವುದಕ್ಕೆ ಈಗಲೂ ಕಷ್ಟವಾಗುತ್ತದೆ.

ಮರುವರ್ಷ ಅಕ್ಕ ಬರಲಿಲ್ಲ, ನಾನೂ ಕರೆಯಲಿಲ್ಲ. ಸೊಸೆ ದುಡಿಯುತ್ತಾಳೆ, ಈಗ ಅಂಗಡಿಯಿಂದ ಅಕ್ಕಿ ತರುತ್ತಾರೇನೋ ಎಂದು ನನ್ನಷ್ಟಕ್ಕೆ ತೀರ್ಮಾನಿಸಿಕೊಂಡೆ. ಹಾಗೆ ಅಂದುಕೊಂಡರೆ ನನಗೆ ನಿದ್ದೆ ಬರುತ್ತಿತ್ತು. ಸಮಿತಿಯವರು ಲೇಖನ ಕೇಳಿಕೊಂಡು ಬಂದದ್ದು ಆ ವರ್ಷವೇ.

ನಾನು ಮಾತು ಹುಡುಕಿಕೊಂಡು ಹೊರಟೆ. ಹಾಲಾಡಿಯಲ್ಲಿ ದಾರಿಗಳೆಲ್ಲ ಕೂಡುವ ಜಾಗಕ್ಕೆ ಏನನ್ನುತ್ತೀರಿ ಎಂದು ಅಂಗಡಿಯವರೊಬ್ಬರನ್ನು ಕೇಳಿದರೆ, "ಪ್ಯಾಟಿ. ಮತ್ತೆಂತ ಹೇಳುದ್?" ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು. ವೃತ್ತ ಎನ್ನುವ ಮಾತು ಬೋರ್ಡು ಬರೆಯುವವರ ಕೈಯಲ್ಲಿ ಮಾತ್ರ ಇದೆ, ಜನರ ಬಾಯಲ್ಲಿ ಸರ್ಕಲ್ಲು. ಕುಂದಾಪುರದಲ್ಲಿ ನಾನು ಯಾವಾಗಲೂ ಬಟ್ಟೆ ಕೊಳ್ಳುವ ಕೊಂಕಣಿಯವರು ಆಂಗಣ ಎಂದರು. ಬ್ರಹ್ಮಾವರದಲ್ಲಿ ಮಗಳ ಅತ್ತೆ ತುಳು ಮಾತಾಡುವವರು, ಅವರು ಜಾಲ್ ಎಂದರು. ನಮ್ಮೆಜಮಾನರನ್ನು ಕೇಳಿದರೆ ಮುಂಬೈಯ ಚೌಕ್ ಒಂದೇ ಅವರಿಗೆ ನೆನಪಾಯಿತು. ಅದನ್ನೂ ಬರೆದುಕೊಂಡೆ, ಊರವರು ದುಡಿಯಲು ಹೋದಲ್ಲಿಂದ ತಂದ ಮಾತಲ್ಲವೇ ಎಂದು. ಇಷ್ಟೆಲ್ಲ ಊರು ಸುತ್ತಿದವಳು ಐವತ್ತು ಹೆಜ್ಜೆ ಇಳಿದು ಕೆಳಮನೆಗೆ ಮಾತ್ರ ಹೋಗಲಿಲ್ಲ. ನುಚ್ಚಿನ ಗಂಜಿ ಅಡ್ಡ ಬಂತು.

ಬದಲಿಗೆ ಹಳೆಯ ನೋಟ್‌ಬುಕ್ ತೆಗೆದೆ. ಅಕ್ಕನ ಆ ಮಾತು ಅಲ್ಲಿತ್ತು. ಲೇಖನ ಅದರಿಂದಲೇ ಶುರುವಾಗಬೇಕು ಎಂದು ಕೂಡಲೇ ಹೊಳೆಯಿತು. ಮೊದಲು ಬರೆದದ್ದು ಹೀಗೆ: "ನಮ್ಮ ಕೆಳಮನೆಯ ಅಕ್ಕ ಹೇಳುತ್ತಾರೆ, ಅಂಗಳ ಎಂಬುದು ಇರುವುದಲ್ಲ, ಮಾಡುವುದು. ವರ್ಷವರ್ಷವೂ ಮಾಡಬೇಕು. ಮಾಡದಿದ್ದರೆ ಅದು ಬರೀ ಜಾಗ." ಬರೆದು ಓದಿ ನೋಡಿದೆ. ಊರಿನಲ್ಲಿ ಯಾರಾದರೂ ಇದನ್ನು ಓದಿದರೆ ಏನು ಕೇಳುತ್ತಾರೆ? ಆ ಅಕ್ಕ ಈಗ ಯಾರ ಅಂಗಳ ಮಾಡುತ್ತಾರೆ ಎಂದು ಕೇಳುತ್ತಾರೆ. ನಾನು ಪೆನ್ನು ತೆಗೆದು "ನಮ್ಮ ಕೆಳಮನೆಯ ಅಕ್ಕ ಹೇಳುತ್ತಾರೆ" ಎನ್ನುವುದನ್ನು ಹೊಡೆದುಹಾಕಿದೆ. ಮಕ್ಕಳು ಪರೀಕ್ಷೆಯಲ್ಲಿ ಪಕ್ಕದವರದ್ದನ್ನು ನೋಡಿ ಬರೆದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಟೀಚರು ನಾನು.

ಸಂಚಿಕೆ ಬಿಡುಗಡೆಯಾದ ದಿನ ಶಾಲೆಯ ಮೈದಾನದಲ್ಲಿ ಅತಿಥಿಗಳು ಆ ಮಾತನ್ನೇ ಎತ್ತಿ ಓದಿದರು. ಚಪ್ಪಾಳೆ ಬಿತ್ತು. ಮರುದಿನ ಯಾರೋ ಅದನ್ನು ನನ್ನ ಫೋಟೋದ ಕೆಳಗೆ ಬರೆದು ವಾಟ್ಸಾಪಿನಲ್ಲಿ ಹರಿಬಿಟ್ಟರು. ಮುಂಬೈಯಲ್ಲಿರುವ ನಾದಿನಿಯೂ ಕಳಿಸಿದಳು. ನಾನು ಎಲ್ಲರಿಗೂ ಕೈಮುಗಿದ ಚಿತ್ರ ಕಳಿಸಿದೆ.

ಅದಾಗಿ ಎರಡು ವಾರಕ್ಕೆ ಬ್ರಹ್ಮಾವರಕ್ಕೆ ಹೋಗಿ ಮಗಳ ಮನೆಯವರಿಗೆ ಸಂಚಿಕೆ ಕೊಟ್ಟು ವಾಪಸಾಗುತ್ತಿದ್ದೆ. ಕುಂದಾಪುರದಲ್ಲಿ ಬೈಂದೂರಿನ ಬಸ್ಸು ಹತ್ತಿ ಎಡಗಡೆಯ ಕಿಟಕಿ ಹಿಡಿದು ಕೂತೆ. ಮಧ್ಯಾಹ್ನದ ಬಿಸಿಲು. ಪಕ್ಕದಲ್ಲಿ ಬಂದು ಕೂತವಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ಅವಳ ಮಕ್ಕಳೇ ಹೈಸ್ಕೂಲಿಗೆ ಹೋಗುತ್ತವೆಯಂತೆ. "ನಿಮ್ ಅಂಗ್ಳದ್ ಮಾತ್ ಓದಿದೆ ಟೀಚರ್. ಎಷ್ಟ್ ಲಾಯ್ಕ್ ಬರ್ದಿದ್ರಿ" ಎಂದಳು. ಮರವಂತೆ ದಾಟಿ, ನಾವುಂದ ದಾಟಿ, ನಮ್ಮ ಸ್ಟಾಪಿಗೆ ಇನ್ನೇನು ಬಂತು ಎನ್ನುವಾಗ ಬಸ್ಸು ನಿಂತಿತು.

ಹೆದ್ದಾರಿಯ ಬದಿಯಲ್ಲಿ ಡಾಂಬರಿನ ಮೇಲೆ ಉದ್ದಕ್ಕೆ ಭತ್ತ ಹರವಿತ್ತು. ಅದರ ಮೇಲೆ ಒಂದು ಸ್ಕೂಟರು ಜಾರಿ ಬಿದ್ದಿತ್ತು. ಸವಾರನಿಗೆ ಪೆಟ್ಟೇನೂ ಆದಂತಿರಲಿಲ್ಲ, ಎದ್ದು ನಿಂತು ಹೆಲ್ಮೆಟ್ ಕೈಯಲ್ಲಿ ಹಿಡಿದು ಬಾಯಿಗೆ ಬಂದಂತೆ ಬೈಯುತ್ತಿದ್ದ. ಇನ್ನೂ ಇಬ್ಬರು ಮೂವರು ಸೇರಿಕೊಂಡು ಅವನ ಪರವಾಗಿ ಮಾತಾಡುತ್ತಿದ್ದರು. ಅವರ ನಡುವೆ ಮೈ ಒರೆಸುವ ಬೈರಾಸವನ್ನು ತಲೆಗೆ ಹಾಕಿಕೊಂಡ ಒಬ್ಬ ಮುದುಕಿ ಬಗ್ಗಿ, ಚದುರಿದ ಭತ್ತವನ್ನು ಹಿಡಿಸೂಡಿಯಿಂದ ಬದಿಗೆ ಗುಡಿಸುತ್ತಿದ್ದರು. ಕೆಳಮನೆಯ ಅಕ್ಕ.

"ಈ ಜನ್ಕ್ ಬುದ್ಧಿಯೇ ಇಲ್ಲೆ ಟೀಚರ್" ಎಂದಳು ಪಕ್ಕದವಳು. "ರಸ್ತಿ ಮೇಲೆ ಯಾರಾರೂ ಒಣ್ಗ್ಸ್ತ್ರಾ?"

"ಹೌದ್" ಎಂದೆ ನಾನು.

ಅಷ್ಟರಲ್ಲಿ ಅಕ್ಕ ತಲೆ ಎತ್ತಿ ಬಸ್ಸಿನತ್ತ ನೋಡಿದರು. ನಾನು ಮಡಿಲಲ್ಲಿದ್ದ ಬ್ಯಾಗಿನೊಳಗೆ ಕೈಹಾಕಿ, ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ. ಕೈಗೆ ಸಿಕ್ಕಿದ್ದು ಸಂಚಿಕೆ. ಅದನ್ನು ಹಿಡಿದುಕೊಂಡೇ ಬಸ್ಸು ಹೊರಡುವ ತನಕ ಬಗ್ಗಿ ಕೂತೆ.

ಇಳಿಯಬೇಕಿತ್ತು. ಇಳಿದು, ಇವರು ನಮ್ಮವರು, ಇವರಿಗೆ ಒಣಗಿಸುವ ಜಾಗವನ್ನು ಇಲ್ಲದಂತೆ ಮಾಡಿದವಳು ನಾನು, ಬೈಯುವುದಾದರೆ ನನ್ನನ್ನು ಬೈಯಿರಿ ಎನ್ನಬೇಕಿತ್ತು. ಅಷ್ಟು ದೊಡ್ಡ ಮಾತು ಬೇಡ, ಇಳಿದು ಒಂದು ಹಿಡಿಸೂಡಿ ಹಿಡಿದಿದ್ದರೂ ಸಾಕಿತ್ತು. ನನ್ನ ಸ್ಟಾಪು ಕೂಗಳತೆಯ ದೂರದಲ್ಲಿತ್ತು. ಅಲ್ಲಿ ಇಳಿದ ಮೇಲಾದರೂ ಹಿಂದಕ್ಕೆ ನಡೆಯಬಹುದಿತ್ತು. ನಾನು ಮನೆಯ ದಾರಿ ಹಿಡಿದೆ.

ಆ ಸಂಜೆ ಅಂಗಳದಲ್ಲಿ ಕುರ್ಚಿ ಹಾಕಿ ಕೂತರೆ ಕಲ್ಲಿನ ಬಿಸಿ ಇನ್ನೂ ಇಳಿದಿರಲಿಲ್ಲ. ಇಷ್ಟಗಲ ಬಿಸಿಲು ಇಲ್ಲಿ ದಿನವೂ ಸುಮ್ಮನೆ ಬಿದ್ದು ಹೋಗುತ್ತಿದೆ, ಆ ಹೆಂಗಸು ಲಾರಿಗಳ ಪಕ್ಕ ನಿಂತು ತನ್ನ ಅನ್ನವನ್ನು ಕಾಯುತ್ತಿದ್ದಾರೆ. ಅತ್ತೆ ಹೇಳಿದ ಮಾತು ನನಗೆ ಅರ್ಥವಾದದ್ದು ಆಗ. ನಾನು ಅಕ್ಕನ ಕಷ್ಟ ಕಳೆದೆ ಅಂದುಕೊಂಡಿದ್ದೆ. ಆ ಕಷ್ಟದಿಂದಲೇ ಅವರಿಗೆ ಈ ಅಂಗಳದಲ್ಲಿ ತಲೆಯೆತ್ತಿ "ಇವತ್ತು ನಂದು, ನೀವು ನಾಳೆಗೆ ಹಾಕಿ" ಎನ್ನುವ ಅಧಿಕಾರವಿತ್ತು. ಸುಮ್ಮನೆ ಬಂದು ಒಣಗಿಸಿ ಎಂದು ನಾನು ಕರೆದದ್ದು ಭಿಕ್ಷೆಗೆ ಕರೆದ ಹಾಗಾಯಿತು. ಅವರು ಭಿಕ್ಷೆಗಿಂತ ರಸ್ತೆಯೇ ಆದೀತು ಅಂದುಕೊಂಡರು.

ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಜೀವಮಾನವಿಡೀ ಬೇರೆಯವರ ತಪ್ಪಿಗೆ ಕೆಂಪು ಗೀಟು ಹಾಕಿದವಳು. ಆದ್ದರಿಂದ ಮೊದಲು ಆಳು ಕರೆಸಿ ಮೂಡುಬದಿಯ ಅರ್ಧ ಅಂಗಳದ ಇಂಟರ್‌ಲಾಕ್ ಎಬ್ಬಿಸಿದೆ. ನಮ್ಮೆಜಮಾನರು ಜಗಲಿಯಲ್ಲಿ ಪೇಪರು ಓದುತ್ತಾ, "ಹಾಕ್ಸಿದ್ದೂ ನೀನೇ, ತೆಗ್ಸುದೂ ನೀನೇ. ಖಾಲಿಪೀಲಿ ಒಂದ್ ಕೆಲ್ಸ" ಎಂದರು. ಮರುದಿನ ಬೆಳಿಗ್ಗೆ ಕೆಳಮನೆಗೆ ಇಳಿದೆ. ಅಕ್ಕ ಜಗಲಿಯಲ್ಲಿ ಕೂತು ಗೆರಸೆಯಲ್ಲಿ ಭತ್ತ ಹರವಿಕೊಂಡು ಅದರೊಳಗಿನ ಸಣ್ಣ ಜಲ್ಲಿ ಆರಿಸುತ್ತಿದ್ದರು. ರಸ್ತೆಯ ಜಲ್ಲಿ.

"ಓ ಟೀಚರಾ, ಬನಿ, ಕೂಕಣಿ" ಎಂದರು, ನಿನ್ನೆ ಮೊನ್ನೆ ನೋಡಿದವರಂತೆ.

"ಒಂದ್ ಗಳ್ಗಿ ಮೇಲ್ ಬನಿ ಅಕ್ಕ. ಅಂಗ್ಳ ಕಾಣ್ಕ್."

ಅವರು ಮೊಣಕಾಲ ಮೇಲೆ ಕೈಯೂರಿಕೊಂಡು ನಿಧಾನಕ್ಕೆ ಹತ್ತಿ ಬಂದರು. ಕಲ್ಲು ಎಬ್ಬಿಸಿದ ಜಾಗವನ್ನು ನೋಡಿದರು. ಬಗ್ಗಿ ಒಂದು ಹಿಡಿ ಪುಡಿ ತೆಗೆದು ಬೆರಳ ಸಂದಿಯಿಂದ ಸುರಿದರು.

"ಇದ್ ಮಣ್ಣಲ್ದೇ ಟೀಚರೇ. ಇದ್ರ್ ಮೇಲೆ ಸಗಣಿ ಕೂರುದಿಲ್ಲೆ."

"ಇದನ್ ತೆಗ್ಸಿ ಕೆಮ್ಮಣ್ ಹಾಕ್ಸ್ತೆ."

"ಹಾಕ್ಸಿ. ಆರೆ ಮಣ್ ಗಟ್ಟಿ ಕೂಕಂಬುಕೆ ಮೂರ್ ಮಳಿಗಾಲ ಬೇಕ್. ಅಲ್ಲಿವರಿಗೆ ಎಷ್ಟ್ ಬಡ್ದ್ರೂ ಬಿರ್ಕ್ ಬಿಡತ್ತ್."

ಮೂರು ಮಳೆಗಾಲ. ಅವರಿಗೆ ಎಪ್ಪತ್ತೈದು ದಾಟಿದೆ. ಜಗಲಿಯ ಮೆಟ್ಟಿಲಲ್ಲಿ ಕೂರಿಸಿ ಚಾ ತಂದುಕೊಟ್ಟೆ. ಹೇಗೆ ಶುರುಮಾಡುವುದೆಂದು ತಿಳಿಯದೆ ಕೊನೆಗೆ ಇದ್ದದ್ದನ್ನೇ ಹೇಳಿದೆ.

"ಅಕ್ಕ, ಅವತ್ ರಸ್ತಿ ಮೇಲೆ ಅವ ಬೈಯುವತಿಗೆ, ಆ ಬಸ್ಸಂಗೆ ನಾನಿದ್ದೆ."

"ಗೊತ್ತಿತ್ತ್. ಕಂಡಿದೆ" ಎಂದರು. "ಬ್ಯಾಗಂಗೆ ಎಂತದೋ ಹುಡ್ಕ್ತಾ ಇದ್ರಿ." ಚಾ ಕುಡಿದು ಲೋಟ ಕೆಳಗಿಟ್ಟರು. "ಸಿಕ್ತಾ?"

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಟೀಚರದ್ದೇನೋ ಕಳೆದುಹೋಗಿತ್ತು, ಸಿಕ್ಕಿತೋ ಇಲ್ಲವೋ ಎಂದು ನಿಜವಾಗಿಯೇ ಕೇಳಿದರು. ನನ್ನ ಕಣ್ಣಲ್ಲಿ ನೀರು ಬಂತು. ತಪ್ಪಾಯ್ತ್ ಅಕ್ಕ, ಅಂಗಳದ್ದೂ ತಪ್ಪಾಯ್ತ್, ಅಕ್ಕಿಯದ್ದೂ ತಪ್ಪಾಯ್ತ್ ಎಂದೆ. ಅವರು, "ಇರ್ಲಿ, ಎಂತಕ್ ಮರ್ಕುದ್" ಎಂದು ತಮ್ಮ ಬೈರಾಸವನ್ನೇ ನನಗೆ ಕೊಟ್ಟರು. ಆಮೇಲೆ ನನ್ನನ್ನು ಸಮಾಧಾನ ಮಾಡುವವರ ಹಾಗೆ, ಬ್ಯಾಗಿನಲ್ಲಿ ಏನಿತ್ತು ಎಂದು ಮತ್ತೆ ಕೇಳಿದರು.

ಒಳಗೆ ಹೋಗಿ ಸಂಚಿಕೆ ತಂದೆ. ಅವರಿಗೆ ಓದಲು ಬರುವುದಿಲ್ಲ. ಫೋಟೋದಲ್ಲಿ ನನ್ನನ್ನು ಗುರುತಿಸಿ, ಲಾಯ್ಕಿತ್ತ್ ಎಂದರು. ಓದಿ ಹೇಳಿ ಎಂದರು. ಓದದೆ ನಿರ್ವಾಹವಿರಲಿಲ್ಲ. ಮೊದಲ ಸಾಲುಗಳನ್ನೇ ಓದಿದೆ. ಅಂಗಳ ಎಂಬುದು ಇರುವುದಲ್ಲ, ಮಾಡುವುದು. ವರ್ಷವರ್ಷವೂ ಮಾಡಬೇಕು. ಮಾಡದಿದ್ದರೆ ಅದು ಬರೀ ಜಾಗ.

ಅಕ್ಕ ತಲೆದೂಗಿದರು. "ಸಮಾ ಮಾತ್. ಯಾರ್ ಹೇಳದ್ ಇದ್?"

"ನೀವೇ ಹೇಳಿದ್ದ್ ಅಕ್ಕ. ಇಲ್ಲೇ, ಚಾ ಕುಡೂವತಿಗೆ. ನಿಮ್ ಹೆಸ್ರ್ ಬರಿಲಿಲ್ಲೆ ನಾನ್."

ಅವರು ಬಾಯಿತುಂಬ ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು.

"ನಾನಾ? ನಾ ಎಂತಕ್ ಅಂಗ್ಳದ್ ಮಾತ್ ಹೇಳುಕ್ ಹೋತೆ ಟೀಚರೇ? ನಂಗ್ ಅಂಗ್ಳವೇ ಇಲ್ಲೆ."

ಬಿಸಿಲೇರುವ ಮೊದಲು ರಸ್ತೆಯ ಬದಿಗೆ ಹೋಗಬೇಕು ಎಂದು ಎದ್ದರು. ಹೋಗುವಾಗ ಕಲ್ಲು ಎಬ್ಬಿಸಿದ ಅರ್ಧವನ್ನು ತುಳಿಯದೆ, ಆಗಷ್ಟೇ ಸಾರಿಸಿದ ಅಂಗಳಕ್ಕೆ ಹೇಗೋ ಹಾಗೆ ಅಂಚಿನಲ್ಲೇ ಸುತ್ತಿಕೊಂಡು ಇಳಿದು ಹೋದರು.